ತಾತನ ಸ್ಟೀರಿಯೋದಲ್ಲಿ ನಿನ್ನ ಹಾಡು

ಎಲ್ಯೋರ್,

ಹಾಡು ಬರ್ತಿಲ್ಲ ಅಂತ ಲ್ಯಾಪ್‌ಟಾಪ್ ಹಾಗೇ ಬಿಟ್ಟು ದರ್ಜಿ ಹತ್ರ ಓಡಿದೆಯಾ? ಬರ್ತಿತ್ತು ಕಣೋ, ಕೆಳಗಿನ ಮನೇಲಿ! ಹೋದ ತಿಂಗಳು ತುರ್ಸುನ್ ತಾತನ ಸ್ಟೀರಿಯೋಗೆ ಬ್ಲೂಟೂತ್ ಜೋಡಿಸಿಕೊಟ್ಟೆಯಲ್ಲ, ನಿನ್ನ ಲ್ಯಾಪ್‌ಟಾಪ್ ಇವತ್ತೂ ಅದಕ್ಕೇ ಹೋಗಿ ಅಂಟಿಕೊಂಡಿದೆ. ತಾತ ತೀರಿಹೋಗಿ ಮೂರನೇ ದಿನ, ಕುರಾನ್ ಓದೋವಾಗ ನಿನ್ನ ಮದುವೆ ಕುಣಿತದ ಹಾಡು!

ನಾನೇ ಮೇಲೆ ಓಡಿಬಂದು ನಿಲ್ಲಿಸಿದೆ. ನೀನು ಆ ಜೋಡಣೆ ಅಳಿಸಿಹಾಕು. ನಮ್ಮ ಸ್ಟೀರಿಯೋಗೆ ವೈರ್ ಕಪಾಟಿನಲ್ಲಿದೆ, ಆದ್ರೆ ತಾತನ ನಲವತ್ತನೇ ದಿನ ಕಳೆಯೋವರೆಗೆ ಮುಟ್ಟಬೇಡ.

ಅವರ ಮನೇಲಿ ಇನ್ನೂ ಒಲೆ ಹಚ್ಚಿಲ್ಲ, ಸಾರು ತಗೊಂಡು ಹೋಗ್ತಿದೀನಿ. ಟೋಪಿ ಹಾಕ್ಕೊಂಡು, ರೊಟ್ಟಿ ಹಿಡ್ಕೊಂಡು ಬೇಗ ಬಾ.

ಯಾರೂ ಬೈಯಲಿಲ್ಲ. ಬೈದಿದ್ರೇ ಚೆನ್ನಾಗಿತ್ತು. ತಾತ ಮನೆಗೆ ಬಂದ ಕೂಡಲೇ ಸ್ಟೀರಿಯೋ ಹಾಕೋರಲ್ಲ, ಹಾಡು ಶುರುವಾದ ತಕ್ಷಣ ಕೆಳಗಿನ ಮನೆ ಅಜ್ಜಿ ಬಾಗಿಲ ಕಡೆ ತಿರುಗಿ, "ನಮ್ಮನೆಯವರು ಬಂದ್ರಾ?" ಅಂದ್ರು.

ಅಕ್ಕ