ಕಬ್ಬಿಣಕ್ಕೆ ವಿಷ ಏರುವುದಿಲ್ಲ

ಮೇ 11, ಬೆಳಗ್ಗೆ 7

ಬೆರಳಿನ ಕಸರತ್ತು ಮುಗಿಯಿತು. ಹೆಬ್ಬೆರಳು ಇನ್ನೂರು ಸಲ. ತೋರುಬೆರಳು ನೂರು. ಬಲಗೈ ಮಣಿಕಟ್ಟು ಇನ್ನೂ ಮರದ ಹಾಗೆ. ಆದರೂ ಹೋದ ವಾರಕ್ಕಿಂತ ವಾಸಿ. ಆಟದಲ್ಲಿ ನನ್ನ ಮುಳ್ಳುಮೀನು ಹರಿಬುಕು ಲೆವೆಲ್ ನಲವತ್ತು ದಾಟಿತು.

ಮಾರ್ಚಿನಲ್ಲಿ ಲಕ್ವ ಹೊಡೆದ ಮೇಲೆ ಆಸ್ಪತ್ರೆಯಲ್ಲಿ ಕಸರತ್ತು ಮಾಡಿಸುವ ಮಿತಾನಿ ರಬ್ಬರ್ ಚೆಂಡು ಕೊಟ್ಟಿದ್ದಳು. ಹಿಸುಕಿ ಹಿಸುಕಿ ಬೇಸರ ಬಂದು ಎಸೆದೆ. ಆಮೇಲೆ ತನ್ನ ಹಳೆಯ ಗೇಮ್ ಮೆಷಿನ್ನೇ ತಂದುಕೊಟ್ಟಳು. "ವಿಚಿತ್ರ ಪ್ರಾಣಿಗಳನ್ನ ಹಿಡಿದು, ಸಾಕಿ, ಕಾದಾಡ್ಸೋದು. ಬೆಂಕಿ, ನೀರು, ಕಬ್ಬಿಣ, ವಿಷ... ಎಷ್ಟೋ ಜಾತಿ ಇವೆ. ನಿಮಗ್ಯಾವುದು ಬೇಕು, ಒಗಾವಾರ-ಸಾನ್?"

ನನ್ನನ್ನು ಕೇಳಬೇಕೇ! ಮೂವತ್ತೆಂಟು ವರ್ಷ ಶಿಮೊನೊಸೆಕಿಯಲ್ಲಿ ವಿಷದ ಫುಗು ಮೀನು ಸೀಳಿ ಬಡಿಸಿದವನನ್ನು.

"ಅಯ್ಯೋ, ವಿಷದ್ದು ಬೇಡ. ಅವೆಲ್ಲ ಪೀಚು" ಅಂದಳು. ನಾನು ಆಯ್ಕೆ ಬದಲಾಯಿಸಲಿಲ್ಲ.

ಮೇ 13

ನನ್ನ ಟೀಮ್. ಮೂರೇ. ಸ್ಪರ್ಧೆಗೂ ಮೂರೇ ಸಾಕಂತೆ.

ಹರಿಬುಕು — ಮುಳ್ಳುಮುಳ್ಳು, ಉಂಡೆ ಮೀನು. ಊದಿಕೊಂಡರೆ ಎಷ್ಟು ಪೆಟ್ಟಾದರೂ ತಡೆಯುತ್ತದೆ. ಒಂದು ಚುಚ್ಚು ಸಾಕು, ಎದುರಾಳಿಗೆ ವಿಷ ಏರತೊಡಗುತ್ತದೆ. ಮೊದಲ ಸುತ್ತಿಗೆ ಚೂರು, ಎರಡಕ್ಕೆ ಅದರ ದುಪ್ಪಟ್ಟು, ಮೂರಕ್ಕೆ ಇನ್ನೂ ಹೆಚ್ಚು. ಆಮೇಲೆ ನಾವು ಸುಮ್ಮನೆ ಕೂರಬಹುದು.

ಶಿಬಿರೆಗಾ — ಪತಂಗ. ರೆಕ್ಕೆ ಬಡಿದರೆ ಪುಡಿ ಉದುರಿ ಎದುರಿನದು ಜೋಮು ಹಿಡಿಯುತ್ತದೆ. ಗಿಡಬಳ್ಳಿ ಜಾತಿಯವಕ್ಕೆ ಇದೇ ಯಮ.

ಡೊರೊಗಾಮಾ — ಕೆಸರುಗಪ್ಪೆ. ನೋಡಲು ಅಸಹ್ಯ. ನಿಧಾನ. ಆದರೆ ಗಟ್ಟಿ.

ಬೆಂಕಿಯವು, ಸಿಡಿಲಿನವು ಬಂದ ಕೂಡಲೇ ಅಬ್ಬರಿಸುತ್ತವೆ. ಜನಕ್ಕೆ ಅದೇ ಇಷ್ಟ. ವಿಷ ಅಬ್ಬರಿಸುವುದಿಲ್ಲ. ಕಾಯುತ್ತದೆ. ಇದನ್ನು ಪೀಚು ಎನ್ನುವವರು ವಿಷವನ್ನು ಕಂಡವರಲ್ಲ.

ಮೇ 18, ಸಂಜೆ

ಸ್ಟೇಷನ್ ಹತ್ತಿರದ ಅಂಗಡಿಯ ಮಹಡಿಯಲ್ಲಿ ಶನಿವಾರ ಆಟಗಾರರು ಸೇರುತ್ತಾರೆ. ಹೋದೆ. ಎಲ್ಲರಿಗಿಂತ ಹಿರಿಯ ನಾನು. ನನ್ನ ನಂತರದವರಿಗೆ ನಲವತ್ತಿರಬಹುದು.

ಸೆರಿಜಾವಾ ಎಂಬಾಕೆ ಎದುರು ಕೂತಳು. ಅಂಚೆ ಕಚೇರಿಯಲ್ಲಿ ಕೆಲಸ, ಮೂವತ್ತೈದರ ಆಸುಪಾಸು. ಅವಳದ್ದು ಕಬ್ಬಿಣದ ಏಡಿ, ಕಬ್ಬಿಣದ ಗಂಟೆ. ಜೊತೆಗೊಂದು ಗಿಡುಗ.

ಹರಿಬುಕು ಚುಚ್ಚಿತು. ಏನೂ ಆಗಲಿಲ್ಲ. ಮತ್ತೆ ಚುಚ್ಚಿತು...

"ತಾತ, ಕಬ್ಬಿಣಕ್ಕೆ ವಿಷ ಏರಲ್ಲ. ಮೊದಲ ದಿನಾನೇ ಕಲೀಬೇಕಾದ ಪಾಠ ಅದು."

ನಾಲ್ಕು ನಿಮಿಷ. ಮೂರೂ ಹೋದವು.

"ಬೇಜಾರಾಗ್ಬೇಡಿ, ವಿಷದ ಟೀಮ್ ಕಟ್ಟಿ ಗೆದ್ದೋರನ್ನ ನಾನಂತೂ ನೋಡಿಲ್ಲ" ಅಂದಳು. ಸಮಾಧಾನವೋ, ಚುಚ್ಚುವುದೋ — ಚುಚ್ಚಿದ್ದಂತೂ ಹೌದು.

ಮೇ 19

ಬರೆಯುವಂಥದ್ದೇನೂ ಇಲ್ಲ.

ಜೂನ್ 2, ಮಧ್ಯಾಹ್ನ 3

ಇವತ್ತು ಆಗಬಾರದ್ದು ಆಯಿತು.

ಊಟದ ಹೊತ್ತು. ನಮ್ಮ ಫುಗು ಊಟದ ಅಂಗಡಿ ತುಂಬಿತ್ತು. ಮಗಳು ಶಿಹೊ ಕಟ್ಟೆಯ ಹಿಂದೆ ಒಬ್ಬಳೇ. ಲಕ್ವ ಹೊಡೆದಂದಿನಿಂದ ಕತ್ತಿ ಅವಳದ್ದೇ. ನಾನು ಹಿಂದಿನ ಕೋಣೆಯಲ್ಲಿ ಆಡುತ್ತಿದ್ದೆ. ಮೂರು ದಿನದಿಂದ ನನ್ನನ್ನು ಸೋಲಿಸುತ್ತಿದ್ದ ಒಂದು ದೈತ್ಯ ಹಂದಿಗೆ ಕೊನೆಗೂ ಹರಿಬುಕುವಿನ ಮುಳ್ಳು ನಾಟಿತು. ತಡೆಯಲಾಗಲಿಲ್ಲ. ಕೂಗಿಬಿಟ್ಟೆ —

"ಏರಿತು! ವಿಷ ಏರಿತು! ಇನ್ನು ನೀನು ಸತ್ತೆ!"

ಹೊರಗೆ ಒಂದೊಂದಾಗಿ ಚಾಪ್‌ಸ್ಟಿಕ್ ಕೆಳಗಿಡುವ ಸದ್ದು. ಒಸಾಕಾದಿಂದ ಬಂದಿದ್ದ ಗಂಡಹೆಂಡತಿ ತಟ್ಟೆಯಲ್ಲಿದ್ದ ಫುಗುವನ್ನು ಹಾಗೇ ಬಿಟ್ಟು ಎದ್ದು ಹೋದರು. ನಾಗತೊಮಿ ಮಾತ್ರ ನಗುತ್ತಾ ಎಲ್ಲವನ್ನೂ ತಿಂದನಂತೆ. ಬಂದರಿನಲ್ಲಿ ಹಡಗು ಎಳೆಯುವ ಟಗ್ ಬೋಟಿನ ಕ್ಯಾಪ್ಟನ್, ಇಪ್ಪತ್ತು ವರ್ಷದಿಂದ ನಮ್ಮ ಗಿರಾಕಿ. "ಯಜಮಾನ್ರು ನನ್ನನ್ನ ಕೊಲ್ಲೋದಾಗಿದ್ರೆ ಎಂದೋ ಕೊಲ್ತಿದ್ರು" ಅಂದನಂತೆ.

ಶಿಹೊ ನಗಲಿಲ್ಲ. ಬಾಗಿಲು ಹಾಕಿ ಒಳಗೆ ಬಂದಳು.

"ಈ ಮನೇಲಿ ಆ ಮಾತನ್ನ ಆಟಕ್ಕೂ ಆಡಬಾರದು ಅಂತ ಹೇಳಿದ್ದು ಯಾರು?"

ಮೆಷಿನ್ನನ್ನು ಮಗುಚಿ ಇಟ್ಟೆ.

"ಒಂಬತ್ತು ವರ್ಷ ನಂಗೆ. ಗೆಳತಿ ಹತ್ರ ತಮಾಷೆ ಮಾಡಿದೆ ಅಂತ ಕೆನ್ನೆಗೆ ಹೊಡೆದ್ರಿ. ಮರೆತ್ರಾ ಅಪ್ಪ?"

"ಮರೆತಿಲ್ಲ. ನಾನು ತಮಾಷೆ ಮಾಡ್ತಾ ಇರಲಿಲ್ಲ ಶಿಹೊ."

"ಮತ್ತೇನು? ಕೈ ಹೋಯ್ತು, ಹೋಗ್ಲಿ. ಹೆಸರಾದ್ರೂ ಉಳೀಲಿ ಅಂತ ನಾನು ಒದ್ದಾಡ್ತಾ ಇದ್ದೀನಿ. ಅದನ್ನೂ ನೀವೇ ಕೆಡಿಸ್ತೀರಾ?"

ಕೈ ಹೋಯ್ತು ಎಂದು ಇದುವರೆಗೆ ಯಾರೂ ನನ್ನ ಮುಖಕ್ಕೆ ಹೇಳಿರಲಿಲ್ಲ. ಡಾಕ್ಟರೂ.

ಜೂನ್ 3

ಎಲ್ಲೂ ಹೇಳಿಕೊಳ್ಳದ್ದು, ಇಲ್ಲಾದರೂ ಬರೆದಿಡುತ್ತೇನೆ. ಮೂವತ್ತೆಂಟು ವರ್ಷ. ನಾನು ಬಡಿಸಿದ ತಟ್ಟೆಯಿಂದ ತಿಂದು, ವಿಷದ ಮೊದಲ ಸುಳಿವಾಗಿ, ಒಬ್ಬರ ತುಟಿಯೂ ಜುಮ್ಮೆಂದಿಲ್ಲ. ಒಬ್ಬರದ್ದೂ. ಯಕೃತ್ತು, ತತ್ತಿಚೀಲ, ವಿಷವಿರುವ ಪ್ರತಿಯೊಂದನ್ನೂ ಎಣಿಸಿ ಬೀಗದ ಡಬ್ಬಿಗೆ ಹಾಕಿದ್ದೇನೆ. ಅದು ನನ್ನ ಸೊಕ್ಕು. ಇದ್ದರೆ ಇರಲಿ.

ಈ ಆಟದಲ್ಲೂ ನಾನು ನಗಾಡುತ್ತಿಲ್ಲ. ಬೇರೆ ಯಾರೂ ನಂಬದ ಒಂದು ಬಲವನ್ನು ನಾನು ನಂಬಿದ್ದೇನೆ. ಅಷ್ಟೇ. ಅದನ್ನು ಶಿಹೊಗೆ ಹೇಗೆ ಹೇಳುವುದು...

ಜೂನ್ 16

ಶಿಹೊ ಜೊತೆ ಮಾತು — "ಊಟ ಇಟ್ಟಿದೆ", "ಹ್ಞೂಂ". ಅಷ್ಟೇ.

ಸೆರಿಜಾವಾಳ ಕಬ್ಬಿಣದ ಬಗ್ಗೆಯೇ ಯೋಚನೆ. ಇವತ್ತು ಹೊಳೆಯಿತು. ವಿಷದ ಪ್ರಾಣಿ ಎಂದರೆ ಮೈಯೆಲ್ಲ ವಿಷವೇ ಅಲ್ಲವಲ್ಲ! ಫುಗುವಿಗೂ ಹಲ್ಲಿದೆ. ಗಾಳದ ತಂತಿಯನ್ನೇ ಕಡಿಯುವಂಥ ಹಲ್ಲು. ಎಲ್ಲರೂ ವಿಷವನ್ನು ನೋಡುತ್ತಾರೆ, ಹಲ್ಲನ್ನು ನೋಡುವುದಿಲ್ಲ.

ಡೊರೊಗಾಮಾ ಕೆಸರಿನಲ್ಲಿ ಹುಟ್ಟಿದ್ದು. ಮಣ್ಣಿನ ವಿದ್ಯೆಯನ್ನು ಕಲಿಸಿದರೆ ಕಲಿಯುತ್ತದೆ. ಈ ಆಟದಲ್ಲಿ ಮಣ್ಣಿನ ಏಟನ್ನು ಕಬ್ಬಿಣ ತಡೆದುಕೊಳ್ಳುವುದಿಲ್ಲ. ಯಾಕೆ ಯಾರೂ ಕಲಿಸುವುದಿಲ್ಲ? ಯಾಕೆಂದರೆ ಕಪ್ಪೆ ನಿಧಾನ. ಏಟು ಹಾಕುವುದರೊಳಗೆ ತಾನೇ ಸಾಯುತ್ತದೆ ಎಂಬ ಲೆಕ್ಕ. ಆದರೆ ಗಂಟೆ ಕಪ್ಪೆಗಿಂತಲೂ ನಿಧಾನ! ಏಡಿ ಚುರುಕು, ಆದರೆ ಒಂದೇ ಏಟಿಗೆ ಗಟ್ಟಿ ಕಪ್ಪೆ ಸಾಯದು.

ಮಿತಾನಿಗೆ ಫೋನ್ ಮಾಡಿದೆ. "ಹಕಾತಾದಲ್ಲಿ ಜುಲೈ ಇಪ್ಪತ್ತೊಂದಕ್ಕೆ ಸ್ಪರ್ಧೆ ಇದೆ, ಹೆಸರು ಕೊಟ್ಟುಬಿಡ್ಲಾ?" ಎಂದಳು. ಅವಳೇ ಕೇಳಿದ್ದು. ನಾನಲ್ಲ.

ಜುಲೈ 20

ನಾಳೆ. ಬಲಗೈ ಹೆಬ್ಬೆರಳು ಸಂಜೆಯಾದರೆ ಹಿಡಿದುಕೊಳ್ಳುತ್ತದೆ. ಬೆಳಗ್ಗೆ ಮುಗಿದರೆ ಒಳ್ಳೆಯದು.

ಶಿಹೊಗೆ ಹೇಳಿದೆ — ಹಕಾತಾಕ್ಕೆ ಹೋಗುತ್ತಿದ್ದೇನೆ. ಯಾಕೆ ಎಂದು ಕೇಳಲಿಲ್ಲ. ಗೊತ್ತಿದೆ.

ಜುಲೈ 21, ಸಂಜೆ 6, ರೈಲಿನಲ್ಲಿ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಹೇಗಾದರೂ ಇರಲಿ.

ನಾಗತೊಮಿ ಜೊತೆಗೆ ಬಂದ. ಬೇಡವೆಂದರೂ. ಆಟದ ತಲೆಬುಡ ತಿಳಿಯದು. ಪ್ರತಿ ಪಂದ್ಯದಲ್ಲೂ ಪರದೆ ನೋಡಿ, "ನಮ್ದು ಯಾವುದು ಯಜಮಾನ್ರೇ? ಆ ಊದಿರೋದಾ? ನಿಮ್ಮ ಹಾಗೇ ಇದೆ!" ಎಂದು ಸಭೆಗೆ ಕೇಳುವಂತೆ ಅನ್ನುತ್ತಿದ್ದ.

ನೂರ ಇಪ್ಪತ್ತೆಂಟು ಜನ. ಮೊದಲನೆಯದು — ಗಿಡಬಳ್ಳಿಯ ಟೀಮ್. ಶಿಬಿರೆಗಾ ಒಂದೇ ಮೂರನ್ನೂ ಮಲಗಿಸಿತು. ಎರಡನೆಯದು, ಮೂರನೆಯದು... ಹರಿಬುಕು ಊದಿಕೊಂಡು ಕೂತಿತು, ಎದುರಿನವರು ಹೊಡೆದೂ ಹೊಡೆದೂ ತಾವೇ ಬಿದ್ದರು. ಗೆದ್ದೆ. ನಾಲ್ಕು, ಐದು. ಗೆದ್ದೆ! ವಿಷದ ತಾತ ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಬೆನ್ನು ನೆಟ್ಟಗಾಯಿತು.

ಸೆಮಿಫೈನಲ್ ಹೊತ್ತಿಗೆ ಮಧ್ಯಾಹ್ನ ನಾಲ್ಕು. ಎದುರಿಗೆ ಸೆರಿಜಾವಾ.

"ಇಲ್ಲೀವರೆಗೂ ಬಂದ್ಬಿಟ್ರಾ ತಾತ!" ನಿಜವಾಗಿಯೂ ಖುಷಿಪಟ್ಟಳು.

ಏಡಿಯನ್ನು ಬಿಟ್ಟಳು. ನಾನು ಕಪ್ಪೆಯನ್ನು ಬಿಟ್ಟೆ. ಅವಳು ನಕ್ಕಳು. ಏಡಿ ಇಕ್ಕಳದಿಂದ ಹೊಡೆಯಿತು. ಕಪ್ಪೆ ಅರ್ಧ ಜೀವವಾಯಿತು, ಸಾಯಲಿಲ್ಲ. ಆಮೇಲೆ ಕಪ್ಪೆಯ ಸರದಿ. ನೆಲ ಬಾಯಿಬಿಟ್ಟಿತು. ಏಡಿ ಒಂದೇ ಏಟಿಗೆ ಹೋಯಿತು. ಗಂಟೆ ಬಂತು. ಮತ್ತೆ ಮಣ್ಣು. ಗಂಟೆಯೂ ಅರ್ಧ ಮುಗಿಯಿತು. ಅವಳಿಗೆ ಅರ್ಥವಾಯಿತು. ಹೊಡೆಯುವ ಬದಲು ಗಂಟೆಯನ್ನು ಹಿಂದಕ್ಕೆ ಕರೆದು ಗಿಡುಗನನ್ನು ಬಿಟ್ಟಳು. ಹಾರುವುದಕ್ಕೆ ಮಣ್ಣು ತಗಲುವುದಿಲ್ಲ. ನಾನು ಕಪ್ಪೆಯನ್ನು ಕರೆದುಕೊಂಡೆ. ಶಿಬಿರೆಗಾ ಗಿಡುಗನಿಗೆ ಬಲಿಯಾಯಿತು. ಹರಿಬುಕು ಹೋಯಿತು, ಚುಚ್ಚಿತು, ಊದಿಕೊಂಡಿತು. ಮೂರು ಸುತ್ತು. ಗಿಡುಗ ಉದುರಿತು.

ಅವಳಿಗೆ ಉಳಿದದ್ದು ಅರ್ಧ ಜೀವದ ಗಂಟೆ. ನನಗೆ ಹರಿಬುಕು, ಅರ್ಧ ಜೀವದ ಕಪ್ಪೆ. ಗಂಟೆ ಬಡಿದ ಏಟಿಗೆ ಹರಿಬುಕು ಬಿತ್ತು. ಕಪ್ಪೆ ಬಂತು. ಇನ್ನು ನಾನು ಒತ್ತಬೇಕಾದದ್ದು ಒಂದೇ ಬಟನ್. ಮಣ್ಣು.

ಹೆಬ್ಬೆರಳು ಏಳಲಿಲ್ಲ.

ಒಂದು ಸರದಿಗೆ ನಲವತ್ತೈದು ಸೆಕೆಂಡ್. ಮೀರಿದರೆ ಸರದಿ ಹೋಯಿತು. ಮುಷ್ಟಿ ಮುಚ್ಚಿಕೊಂಡು ಕಲ್ಲಾಗಿತ್ತು. ಮೆಷಿನ್ ಒಳಗೇ ಸಿಕ್ಕಿಕೊಂಡಿತ್ತು. ಮೂವತ್ತು. ಇಪ್ಪತ್ತೈದು. ಸೆರಿಜಾವಾ ನೋಡಿದಳು. ಕೈಯೆತ್ತಿ ತೀರ್ಪುಗಾರನಿಗೆ ಹೇಳಿದಳು, "ಅವ್ರ ಕೈಗೆ ಏನೋ ಆಗಿದೆ. ಗಡಿಯಾರ ನಿಲ್ಸಿ!"

"ನಿಲ್ಲಿಸ್ಬೇಡಿ" ಅಂದೆ.

ಗಟ್ಟಿಯಾಗಿಯೇ ಅಂದೆ ಅನಿಸುತ್ತದೆ. ಸಭೆ ತಿರುಗಿ ನೋಡಿತು.

"ಒಗಾವಾರ-ಸಾನ್, ನಂಗೇನೂ ಅಭ್ಯಂತರ ಇಲ್ಲ."

"ನನಗಿದೆ ತಾಯಿ. ಎಲ್ಲರಿಗೂ ನಲವತ್ತೈದು. ನನಗೂ ನಲವತ್ತೈದೇ."

ಮೆಷಿನ್ನನ್ನು ಮೇಜಿನ ಮೇಲೆ ಒರಗಿಸಿದೆ. ಬಲಗೈ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿದೆ. ಮೀನಿನ ಚರ್ಮ ಸುಲಿಯುವ ಹಾಗೆ, ಅವಸರ ಮಾಡದೆ. ಹನ್ನೊಂದು. ಎಂಟು. ಎಡಗೈ ತೋರುಬೆರಳಿನಿಂದ ಒತ್ತಿದೆ.

ನೆಲ ಬಾಯಿಬಿಟ್ಟಿತು.

ನಾಗತೊಮಿ ಕುರ್ಚಿಯ ಮೇಲೆ ಹತ್ತಿ ನಿಂತು, "ಗೆದ್ದಿದ್ದು ನಮ್ದಾ? ಆ ಕೊಳಕು ಕಪ್ಪೆ ನಮ್ದೇನಾ?" ಎಂದು ಕೂಗುತ್ತಿದ್ದ. ಸೆರಿಜಾವಾ ಎದ್ದು ನಿಂತು ಬಗ್ಗಿ ನಮಸ್ಕರಿಸಿದಳು. ಮೇ ತಿಂಗಳಲ್ಲಿ ಆಟ ಮುಗಿದಾಗ ಬಗ್ಗಿದ್ದಕ್ಕಿಂತ ತುಂಬ ಕೆಳಗೆ.

ಫೈನಲ್ — ಮಿಯಾಝಾಕಿಯ ಒಬ್ಬಳು ಶಾಲಾ ಟೀಚರ್. ಮನಶ್ಶಕ್ತಿಯ ಪ್ರಾಣಿಗಳು. ವಿಷಕ್ಕೆ ಅವೇ ಶತ್ರು. ಮೂರು ನಿಮಿಷಕ್ಕೆ ಮುಗಿಸಿದಳು. ನ್ಯಾಯವಾಗಿ ಸೋತೆ.

ಎರಡನೇ ಸ್ಥಾನ. ಬರೀ ವಿಷದ ಟೀಮ್‌ನಿಂದ! ಮೈಕಿನಲ್ಲಿ ಹೆಸರು ಕೂಗಿದರು, ಊರು ಸಮೇತ. ಶಿಮೊನೊಸೆಕಿಯ ಒಗಾವಾರ. ನಾನು ಇಳಿವಯಸ್ಸಿನವನು, ಅಳಬಾರದು. ಅಳಲಿಲ್ಲ. ನಾಗತೊಮಿ ಅತ್ತ.

ಜುಲೈ 28

ಸೆರಿಜಾವಾ ಅಂಗಡಿಗೆ ಊಟಕ್ಕೆ ಬಂದಿದ್ದಳು. ನಾನು ಒಳಗಿದ್ದೆ. ಗೋಡೆ ತೆಳು. ಎಲ್ಲ ಕೇಳಿಸಿತು.

"ನೀವು ಮಗಳಾ? ಅವತ್ತು ಬರಬೇಕಿತ್ತು. ನಾನೇ ಗಡಿಯಾರ ನಿಲ್ಸಿ ಅಂದ್ರೂ ಒಪ್ಲಿಲ್ಲ ನಿಮ್ಮಪ್ಪ. ಒಂದೊಂದೇ ಬೆರಳು ಬಿಡಿಸ್ಕೊಂಡ್ರು... ನೋಡೋಕಾಗ್ತಾ ಇರಲಿಲ್ಲ, ನೋಡದೆ ಇರೋಕೂ ಆಗ್ತಾ ಇರಲಿಲ್ಲ."

ಶಿಹೊಳ ಕತ್ತಿಯ ಸದ್ದು ಸ್ವಲ್ಪ ಹೊತ್ತು ನಿಂತಿತು.

ಸೆರಿಜಾವಾ ಹೋದ ಮೇಲೆ ಶಿಹೊ ಒಳಗೆ ಬಂದು ಟೀ ಇಟ್ಟಳು. "ಆ ಕಪ್ಪೆ... ತೋರಿಸಿ ನೋಡೋಣ."

ತೋರಿಸಿದೆ.

"ಥೂ, ಎಷ್ಟು ಅಸಹ್ಯವಾಗಿದೆ ಅಪ್ಪ" ಅಂದಳು. ಎರಡು ತಿಂಗಳಾಗಿತ್ತು ಅವಳು ನಕ್ಕಿದ್ದನ್ನು ಕಂಡು.

ಸೆಪ್ಟೆಂಬರ್ 24, ಬೆಳಗ್ಗೆ 9

ಇಷ್ಟು ದಿನ ಸಾಕಿದ ಮೀನು; ಇನ್ನು ಸಮುದ್ರದ ಫುಗುವಿನ ಹಂಗಾಮು ಶುರು. ನೆನ್ನೆಯೇ ಶಿಹೊ ಕೇಳಿದ್ದಳು, "ಪಕ್ಕದಲ್ಲಿ ಕೂತ್ಕೊಳ್ಳಿ ಅಪ್ಪ. ಕತ್ತಿ ನಾನು ಹಿಡೀತೀನಿ, ನೀವು ಕಣ್ಣಿಡಿ." ಸ್ಟೂಲು ಹಾಕಿಕೊಂಡು ಕೂತಿದ್ದೇನೆ.

ಹನ್ನೊಂದು ಮೀನು. ಆರನ್ನು ಸೀಳಿದಳು. ಏಳನೆಯದು ಭಾರಿ ಗಾತ್ರದ್ದು, ಚೆಲುವಾದದ್ದು. ಬುಟ್ಟಿಯಿಂದ ಎತ್ತುವಾಗಲೇ ನನಗೆ ಕಂಡಿತು. ಹೊಟ್ಟೆಯ ಕೆಳಗಿನ ರೆಕ್ಕೆ ಇರಬೇಕಾದಷ್ಟು ಪೂರ್ತಿ ಬಿಳಿ ಇಲ್ಲ. ಬುಡದಲ್ಲಿ ತುಸುವೇ ಹಳದಿ. ಬೇರೆ ಜಾತಿಯ ರಕ್ತ. ಬೆರಕೆ ಮೀನಿನ ವಿಷ ಎಲ್ಲಿ ಕೂತಿರುತ್ತದೋ ಯಾರಿಗೂ ಗೊತ್ತಿಲ್ಲ. ಹೇಳಿಬಿಡಬೇಕೆಂದು ಬಾಯಿ ತೆರೆದವನು ಮುಚ್ಚಿಕೊಂಡೆ. ಕತ್ತಿ ತಗಲುವ ಮೊದಲು ಹೇಳಿದರಾಯಿತು. ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ಸುಮ್ಮನಿದ್ದದ್ದಿಲ್ಲ.

ಅವಳ ಕೈ ನಿಂತಿತು. ಮೀನನ್ನು ಕಿಟಕಿಯ ಬೆಳಕಿಗೆ ಹಿಡಿದಳು. ರೆಕ್ಕೆಯನ್ನು ಬೆರಳಿನಿಂದ ಬಿಡಿಸಿದಳು.

"ಇದು ಬೆರಕೆ. ಎಸೀತೀನಿ."

"ಅಷ್ಟು ದೊಡ್ಡ ಮೀನು. ಸರಿಯಾಗಿ ನೋಡಿದ್ಯಾ?" ಬೇಕೆಂದೇ ಕೇಳಿದೆ.

ನನ್ನ ಕಡೆ ತಿರುಗಲೂ ಇಲ್ಲ. "ನೋಡಿದೆ. ಎಸೀತೀನಿ."

ಇಡೀ ಮೀನು ಬೀಗದ ಡಬ್ಬಿಗೆ ಬಿತ್ತು. ಬೀಗ ಹಾಕಿ, ಜಗ್ಗಿ ನೋಡಿ, ಕೈ ತೊಳೆದಳು. ಕತ್ತಿ ತೊಳೆದಳು. ಹಲಗೆ ತೊಳೆದಳು. ಒಂದನ್ನೂ ನಾನು ಹೇಳಬೇಕಾಗಲಿಲ್ಲ.

ಹಕಾತಾದಲ್ಲಿ ಮೈಕಿನಲ್ಲಿ ನನ್ನ ಹೆಸರು ಕೂಗಿದಾಗ ದೊಡ್ಡದೇನೋ ಆಯಿತು ಅಂದುಕೊಂಡಿದ್ದೆ. ಅದೇನೂ ಅಲ್ಲ. ಇದು...

"ಅಪ್ಪ, ಬರೆಯೋದು ಸಾಕು, ಇಲ್ಲಿ ಕಣ್ಣಿಡಿ" ಅನ್ನುತ್ತಿದ್ದಾಳೆ. ಎಂಟನೆಯದು—