ಮಡಿ ಸೀರೆಯ ಕೋಲು

ಹಾಸ್ಟೆಲ್, ಕಲಬುರಗಿ

ಅಜ್ಜಿಗೆ ನಮಸ್ಕಾರ.

ಪತ್ರ ಬರೆಯುತ್ತಿರುವುದಕ್ಕೆ ಸಾರಿ. ಫೋನ್ ಮಾಡಿದರೆ ದೊಡ್ಡಪ್ಪನ ಮಗ ಪವಮಾನನೇ ಎತ್ತುತ್ತಾನೆ.

ನಮ್ಮ ಪಠ್ಯದಲ್ಲಿರುವ ನಾಟಕಕಾರರು ಹುಟ್ಟಿ ಬೆಳೆದ ಮನೆ ನೋಡಬೇಕೆಂದು ಕ್ಲಾಸಿನವರು ಹಟ ಹಿಡಿದರು. ಅವರು ನಮ್ಮ ಅಜ್ಜನ ಅಣ್ಣ ಎಂದು ನಾನೇ ಜಂಭದಿಂದ ಕಮಲಾಪುರದ ನಮ್ಮ ಮನೆಗೆ ಕರೆತಂದೆ. ದೇವರಮನೆಯ ಮೂಲೆಯ ಉದ್ದ ಕೋಲು ತೋರಿಸಿ, ಅವರು ವಾಕಿಂಗ್‌ಗೆ ಹಿಡಿಯುತ್ತಿದ್ದದ್ದು ಎಂದೆ.

"ಹಾಸ್ಟೆಲ್ ಮೇಡಂನೋರ, ಅದು ಮಡಿ ಸೀರಿ ಒಣಹಾಕೋ ಕೋಲರೀ!" ಎಂದ ಪವಮಾನ. ಎಲ್ಲರೂ ನಕ್ಕರು, ಆಮೇಲೆ ಅವನ ಹಿಂದೆಯೇ ಹೋದರು.

ಐದನೇ ಕ್ಲಾಸಿಗೇ ನನ್ನನ್ನು ಹಾಸ್ಟೆಲ್‌ಗೆ ಕಳಿಸಿದಿರಿ. ಅವನು ನಿಮ್ಮ ಪಕ್ಕದಲ್ಲಿ ಮಲಗಿ ನಾಟಕಕಾರರ ಕಥೆಯನ್ನೆಲ್ಲ ಕೇಳಿಕೊಂಡ. ಅವನಿಗೆ ಹೇಳದೇ ಉಳಿದ ಒಂದೇ ಒಂದು ಸಂಗತಿ ನನಗೆ ಬರೆಯಿರಿ. ಪೋಸ್ಟ್ ಮಾಡಲು ಅವನ ಕೈಗೆ ಕೊಡಬೇಡಿ.

ಭಾನುವಾರ ಸೀನಿಯರ್‌ಗಳನ್ನು ಕರೆತರಬೇಕು. ಬೇಗ ಉತ್ತರ ಕಳಿಸಿ.

ನಿಮ್ಮ ಮೊಮ್ಮಗಳು,
ಸಂಹಿತಾ