ಸದರಿ ಗಿಡದ ಹೂವು

ಮಾರ್ಚ್ 2, ಬೆಳಿಗ್ಗೆ

ಎಂದಿನಂತೆ ಹಿತ್ತಿಲಿನ ತಪಾಸಣೆ. ದೊಡ್ಡ ಮರದ ನೆರಳಿನಲ್ಲಿ, ಹುಲ್ಲೂ ಹುಟ್ಟದ ಸದರಿ ಜಾಗದಲ್ಲಿ, ನಾನು ನೆಟ್ಟ ಕಾಡಿನ ನೆಲಗಿಡ ಚಾಪೆಯಂತೆ ಹರಡಿದೆ. ಹೃದಯಾಕಾರದ ಎಲೆ, ಉಜ್ಜಿದರೆ ಶುಂಠಿಯ ವಾಸನೆ. ತರಗೆಲೆ ಗುಡಿಸದೆ ಅದಕ್ಕೇ ಹೊದಿಸಿದ್ದೇನೆ. ಹೂವು ಮಾತ್ರ ಕಾಣದು.

ಸೊಸೆಯ ವಾದ — ನೆಲ ಜಾರುತ್ತದೆ, ಕಾಂಕ್ರೀಟ್ ಹಾಕಿಸಬೇಕು. ಹಿಂದಿನ ತಿಂಗಳು ನಾನು ಅಲ್ಲಿ ಜಾರಿದ್ದೇ ಅವಳ ಪರ ಸಾಕ್ಷ್ಯ.

"ಮಾವ, ಇನ್ನೊಂದ್ಸಲ ಬಿದ್ರೆ ಮೇಸ್ತ್ರಿಗೆ ಫೋನ್ ಮಾಡೋದೇ. ಹೂ ಬಿಡದ ಗಿಡಕ್ಕೆ ಸೊಂಟ ಮುರ್ಕೋಬೇಡಿ."

ಆಯುಷ್ಯವೆಲ್ಲ ಕಚೇರಿಯಲ್ಲಿ ಪರರ ಅರ್ಜಿಗಳನ್ನು ನಕಲು ಮಾಡಿದವನು ನಾನು. ಸ್ವಂತ ಪ್ರತಿವಾದ ಬರೆದು ರೂಢಿಯಿಲ್ಲ; ಕೋಲು ಹಿಡಿದು ಮತ್ತೆ ಹಿತ್ತಿಲಿಗೇ ಹೋದೆ.

ಮಾರ್ಚ್ 9

ಸಣ್ಣ ನೊಣಗಳು ಎಲೆಯಡಿ ಹೋಗಿಬರುತ್ತಿವೆ. ಕೆಲಸವಿಲ್ಲದೆ ಅಲೆಯುವ ಪೈಕಿಯಲ್ಲ. ಅಲ್ಲಿ ಏನಿದೆ? ಕೋಲಿನಿಂದ ಎಲೆ ಎತ್ತಿದೆ — ಕತ್ತಲೆ.

ಬಗ್ಗಬೇಕು. "ತಮ್ಮ ಪಾದಾರವಿಂದಗಳಲ್ಲಿ" ಎಂದು ಸಾವಿರ ಸಲ ಬರೆದಿದ್ದೇನೆ. ಅದು ಪರರ ಪರವಾಗಿ. ಸ್ವತಃ ಯಾರ ಮುಂದೆಯೂ ಬಗ್ಗಿದವನಲ್ಲ...

ಮಾರ್ಚ್ 17, ಮಧ್ಯಾಹ್ನ

ಸೊಸೆ ಸ್ನಾನಕ್ಕೆ ಹೋದ ಸಮಯ ಸಾಧಿಸಿ, ಗೋಣಿ ಹಾಸಿ ಬೋರಲು ಮಲಗಿದೆ. ಕೆನ್ನೆ ಮಣ್ಣಿಗೆ. ಟಾರ್ಚ್ ಹಾಕಿದೆ.

ಇತ್ತು, ಹೂವು! ಮಸಿಬಾಟಲಿಯ ಮುಚ್ಚಳದಷ್ಟು. ಕಂದುಗೆಂಪು, ಮೂರು ಮೊನೆ, ನೆಲಕ್ಕೆ ಒರಗಿಕೊಂಡು. ಆ ಎಲೆಯಡಿ ಒಂದು, ಈ ಎಲೆಯಡಿ ಇನ್ನೊಂದು... ನೊಣವೊಂದು ಒಳಹೊಕ್ಕಿತು. ಅದಕ್ಕೆ ಅಲ್ಲೇನು ಲಾಭ? ಹೊರಬರಲೆಂದು ಕಾದೆ.

ಹಿಂದೆ ಬಕೆಟ್ ಉರುಳಿದ ಸದ್ದು. ಸೊಸೆ. ಬಿದ್ದಿಲ್ಲ, ಮಲಗಿದ್ದೇನೆ ಎಂದರೆ ನಂಬುವವರಾರು? ಎದ್ದು ತೋರಿಸೋಣವೆಂದರೆ ಮೊಣಕಾಲು ಸಹಕರಿಸಲಿಲ್ಲ. ನನ್ನನ್ನು ಎಬ್ಬಿಸಿ ಕೂರಿಸಿ, ಮೇಸ್ತ್ರಿಗೆ ಫೋನ್ ಮಾಡಿದಳು. ನಾಳೆ ಬರುತ್ತಾನೆ.

ಅದೇ ದಿನ, ಸಂಜೆ

ನನಗಾಗಿ ಸಲ್ಲಿಸಿದ ಮೊದಲ ಅರ್ಜಿ, ಅದೂ ಬಾಯಿಮಾತಿನಲ್ಲಿ.

"ಒಂದೇ ಒಂದ್ಸಲ ಮಲಗಿ ನೋಡಮ್ಮ. ಆಮೇಲೆ ನಿನ್ನಿಷ್ಟ."

ಸೊಸೆ ಪಾತ್ರೆ ತೊಳೆಯುತ್ತಲೇ ಇದ್ದಳು.

ಮಾರ್ಚ್ 18, ಬೆಳಿಗ್ಗೆ

ಏಳುವಷ್ಟರಲ್ಲಿ ಮೇಜಿನ ಮೇಲೆ ಟಾರ್ಚ್ ಇಲ್ಲ.

ಮೇಸ್ತ್ರಿ ಟೇಪ್ ಹಿಡಿದು ಬಂದ. ಎಲ್ಲಿಂದ ಶುರು ಮಾಡಲೆಂದು ಕೇಳಿದ. ಸೊಸೆಯ ಕೆನ್ನೆಯ ಮೇಲೆ ಮಣ್ಣಿತ್ತು.

"ಟೇಪ್ ಆಮೇಲೆ. ಗೋಣಿ ಅಲ್ಲೇ ಇದೆ, ಮೊದ್ಲು ಮಲ್ಕೊಳ್ಳಿ."

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಮಲಗಿದ.

ತೀರ್ಮಾನ: ಕಾಂಕ್ರೀಟ್ ಇಲ್ಲ. ಕಾಲಿಡಲು ನಾಲ್ಕು ಕಲ್ಲು, ಹಿಡಿಯಲು ಒಂದು ಕಂಬಿ. ಕಂಬಿ ಬೇಡವೆಂದೆ; ಅರ್ಜಿ ವಜಾ.

ಒಳಗೆ ಬಂದು ಇಷ್ಟು ಬರೆಯುತ್ತಿದ್ದೇನೆ. ಅವರಿಬ್ಬರೂ ಇನ್ನೂ ಅಲ್ಲೇ. ನೊಣ ಹೂವಿನೊಳಗೇ ಇದೆಯಂತೆ. ಯಾಕೆ ಹೊರಬರುತ್ತಿಲ್ಲ? ಬಹುಶಃ ಅದಕ್ಕೆ— ಸೊಸೆ ಕೂಗುತ್ತಿದ್ದಾಳೆ, "ಮಾವ, ಬೇಗ ಬನ್ನಿ, ನೊಣ..."